ಎರಡನೆಯ ಚಪ್ಪಾಳೆ

ಟೀಚರ್ ಒಂದು ಚಪ್ಪಾಳೆ ತಟ್ಟಿದ್ದೇ ತಡ, ಏಳನೇ ತರಗತಿಯ ಮಕ್ಕಳೆಲ್ಲ ಇದ್ದಲ್ಲೇ ಕಲ್ಲಾದರು. ಕಿಟಕಿಯ ಹತ್ತಿರ ಒಂಟಿಕಾಲಲ್ಲಿ ನಿಂತವನೊಬ್ಬ ಮಾತ್ರ ಓಲಾಡುತ್ತಿದ್ದ. ಕಲ್ಲು ಓಲಾಡುವುದಿಲ್ಲವೆಂದು ಅವನಿಗೆ ಹೇಳಿ ಹೇಳಿ ಟೀಚರಿಗೆ ಸಾಕಾಗಿತ್ತು. ಬೆಂಚುಗಳನ್ನು ಗೋಡೆಗೆ ಒತ್ತರಿಸಿ ಮಾಡಿಕೊಂಡ ಜಾಗದಲ್ಲಿ ನಾಲ್ಕು ಗುಂಪು, ನಾಲ್ಕು ಸ್ತಬ್ಧಚಿತ್ರ. ಪಾಠದ ಹೆಸರು ‘ನಮ್ಮ ಗಾಳಿ’. ಪುಸ್ತಕದಲ್ಲಿ ಅದು ಒಂದೂವರೆ ಪುಟ, ಕೊನೆಗೆ ಐದು ಪ್ರಶ್ನೆ. ಐದಕ್ಕೂ ಉತ್ತರ ಬರೆಸಿ ಕೈತೊಳೆದುಕೊಳ್ಳಬಹುದಿತ್ತು. ಪಕ್ಕದ ತರಗತಿಯಲ್ಲಿ ಹಾಗೇ ಆಗಿತ್ತು. ಇವಳಿಗೆ ಮಾತ್ರ ಪಾಠ ಮಕ್ಕಳ ಕೈಕಾಲಿಗೆ ಇಳಿಯದಿದ್ದರೆ ಸಮಾಧಾನವಿಲ್ಲ.

ಆಟದ ನಿಯಮಗಳನ್ನು ಅವಳೇ ಮಾಡಿದ್ದಳು. ಒಂದು ಚಪ್ಪಾಳೆಗೆ ಕಲ್ಲು, ಎರಡು ಚಪ್ಪಾಳೆಗೆ ಬಿಡುಗಡೆ. ನಡುವೆ ಅವಳು ಯಾರ ಭುಜ ಮುಟ್ಟುತ್ತಾಳೋ ಆ ಕಲ್ಲು ಬಾಯಿ ಬಿಡಬೇಕು, ತಾನು ಏನಾಗಿ ನಿಂತಿದೆಯೋ ಅದರ ಮನಸ್ಸಿನಲ್ಲಿರುವುದನ್ನು ಹೇಳಬೇಕು. ಸುಳ್ಳು ಹೇಳುವಂತಿಲ್ಲ. ಕಲ್ಲು ಏನೇ ಹೇಳಿದರೂ ಯಾರೂ ಸಿಟ್ಟಾಗುವಂತಿಲ್ಲ. ಈ ಕೊನೆಯ ಎರಡು ನಿಯಮ ಸೇರಿಸಿದ ದಿನ ಅವಳಿಗೆ ತನ್ನ ಬಗ್ಗೆ ತನಗೇ ಸ್ವಲ್ಪ ಹೆಮ್ಮೆಯಾಗಿತ್ತು.

ನಿಜ ಹೇಳಬೇಕೆಂದರೆ ಈ ಮಕ್ಕಳಿಗೆ ಗಾಳಿಯ ಪಾಠ ಮಾಡುವುದು ಮೀನಿಗೆ ಈಜು ಕಲಿಸಿದ ಹಾಗೆ. ಶಾಲೆಯ ಕಾಂಪೌಂಡಿನ ಆಚೆಗೇ ಸಿಮೆಂಟ್ ಕಾರ್ಖಾನೆ. ಶಾಲೆ ಕಂಪನಿಯದು, ಶಾಲೆಯ ಹಿಂದಿನ ಸಾಲುಮನೆಗಳು ಕಂಪನಿಯವು, ಆಸ್ಪತ್ರೆ ಕಂಪನಿಯದು, ನಲ್ಲಿಯ ನೀರೂ ಕಂಪನಿಯದೇ. ಗಾಳಿಯೊಂದು ಯಾರದೆಂದು ಇನ್ನೂ ತೀರ್ಮಾನವಾಗಿರಲಿಲ್ಲ.

ಮೊದಲ ಗುಂಪಿನಲ್ಲಿ ಮರವಾಗಿ ನಿಂತ ಹುಡುಗಿಯ ಭುಜ ಮುಟ್ಟಿದಳು.

"ನನ್ನ ಎಲೆ ಯಾವ ಬಣ್ಣ ಅಂತ ನನಗೇ ಮರೆತುಹೋಗಿದೆ," ಎಂದಿತು ಮರ.

ಎರಡನೆಯ ಗುಂಪಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಮ್ಮ. "ಎರಡು ಸಲ ಒಗೆದೆ. ಮೂರನೇ ಸಲ ಒಗೆದ್ರೆ ಕೊಳೆ ಹೋಗುತ್ತೆ, ಬಟ್ಟೇನೂ ಹೋಗುತ್ತೆ." ಕಲ್ಲುಗಳು ನಗುವಂತಿಲ್ಲ, ಆದರೂ ಅಲ್ಲೊಂದು ಇಲ್ಲೊಂದು ಹೊಟ್ಟೆ ಕುಣಿಯಿತು. ಮೂರನೆಯದರಲ್ಲಿ ಹೊಗೆ ಬಿಡುವ ಲಾರಿ, "ಎಲ್ಲಾ ನನ್ನ ತಲೆಗೇ ಕಟ್ಟಬೇಡಿ," ಎಂದು ಜೋರು ಮಾಡಿತು. ಟೀಚರ್ ನಗುತ್ತಲೇ ನಾಲ್ಕನೆಯ ಗುಂಪಿಗೆ ಬಂದಳು.

ಅಲ್ಲಿ ಮೇಜಿನ ಮೇಲೆ ಪಿಟೀಲು ಮುದುರಿ ಕೂತಿದ್ದಳು. ಅದು ಅವಳ ಹೆಸರಲ್ಲ. ನಾಲ್ಕು ಹೆಜ್ಜೆ ಓಡಿದರೆ ಸಾಕು, ಎದೆಯೊಳಗಿಂದ ಕುಂಯ್ ಕುಂಯ್ ಎಂದು ಸದ್ದು ಬರುತ್ತಿದ್ದರಿಂದ ಮಕ್ಕಳು ಇಟ್ಟದ್ದು. ಅವಳಿಗೇನೂ ಬೇಸರವಿರಲಿಲ್ಲ. "ನಿಮ್ಮ ಹತ್ರ ಇದೆಯಾ ಪಿಟೀಲು?" ಎಂದು ತಿರುಗಿ ಕೇಳುವ ಜಾತಿ. ಈಗ ಅವಳು ಎರಡು ಕೈಯನ್ನೂ ತಲೆಯ ಮೇಲೆ ಗೋಪುರದ ಹಾಗೆ ಜೋಡಿಸಿಕೊಂಡಿದ್ದಳು. ತರಗತಿಯ ಹಳೆಯ ಪರದೆಯನ್ನು ಅವಳ ಮೈಗೆ ಹೊದಿಸಿದ್ದರು. ಕಂಕುಳಲ್ಲಿ ಫೈಲು ಇಟ್ಟುಕೊಂಡ ಒಬ್ಬ ಗಿಡ್ಡ ಹುಡುಗ, ಜ್ವರ ಬಂದ ಮಗುವಿಗೆ ಹೊದಿಕೆ ಎಳೆಯುವ ಹಾಗೆ, ಆ ಪರದೆಯನ್ನು ಅವಳ ಕುತ್ತಿಗೆಯವರೆಗೆ ಎಳೆಯುತ್ತ ಕಲ್ಲಾಗಿದ್ದ. ಇನ್ನೊಬ್ಬಳು ಖಾಲಿ ಮಗ್ಗಿನಿಂದ ನೀರು ಚಿಮುಕಿಸುತ್ತಿದ್ದಳು.

ಟೀಚರ್ ಪಿಟೀಲಿನ ಭುಜ ಮುಟ್ಟಿದಳು.

"ನಾನು ನಮ್ಮ ಶಾಲೆ ತಾರಸಿ ಮೇಲಿರೋ ಧೂಳಿನ ಮಿಷನ್," ಎಂದಳು ಪಿಟೀಲು. "ನನಗೂ ಉಬ್ಬಸ ಇದೆ. ಅದಕ್ಕೇ ಧೂಳು ಸಾರ್ ವಾರಕ್ಕೆ ಎರಡು ದಿನ ಬಂದು ಒದ್ದೆ ಬೆಡ್‌ಶೀಟ್ ಹೊದಿಸ್ತಾರೆ. ನಮ್ಮಮ್ಮ ನನ್ನ ಮೂಗಿಗೆ ಒದ್ದೆ ಬಟ್ಟೆ ಹಾಕ್ತಾರಲ್ಲ, ಹಾಗೆ. ಆಮೇಲೆ ನನ್ನ ಹತ್ರ ಧೂಳು ಬರೋದೇ ಇಲ್ಲ. ಧೂಳು ಸಾರ್ ತುಂಬ ಒಳ್ಳೆಯವರು."

ಧೂಳು ಸಾರ್ ಎಂದರೆ ಟೀಚರ ಗಂಡ, ಕಂಪನಿಯ ನೌಕರ. ತಾರಸಿಯ ಮೇಲೆ ಪಾರಿವಾಳದ ಗೂಡಿನಂಥ ಒಂದು ತಗಡಿನ ಪೆಟ್ಟಿಗೆಯಿತ್ತು. ದಿನವಿಡೀ ಗಾಳಿಯನ್ನು ಎಳೆದುಕೊಂಡು ಅದರೊಳಗಿನ ಧೂಳನ್ನು ಒಂದು ಬಿಳಿ ಕಾಗದದ ಮೇಲೆ ಹಿಡಿಯುವುದು ಅದರ ಕೆಲಸ. ವಾರಕ್ಕೆ ಎರಡು ದಿನ ಆ ಕಾಗದವನ್ನು ಬೆಳಿಗ್ಗೆ ಇಟ್ಟು, ಸಂಜೆ ತೆಗೆದು, ತೂಗಿ, ಅಂಕಿ ಬರೆಯುವುದು ಅವನ ಕೆಲಸ. ಊರಿನ ಗಾಳಿ ಎಷ್ಟು ಚೆನ್ನಾಗಿದೆಯೆಂದು ಸರ್ಕಾರದ ಮಂಡಳಿಗೆ ತಿಳಿಯುತ್ತಿದ್ದುದು ಆ ಅಂಕಿಯಿಂದಲೇ.

"ಇದು ಪರದೆ ಮಿಸ್," ಎಂದಳು ಪಿಟೀಲು ಕಲ್ಲಿನ ನಿಯಮ ಮರೆತು. "ನಿಜವಾದ್ದು ಗುಲಾಬಿ ಹೂವಿನದ್ದು. ಮೂಲೇಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತಿದೆ. ಅಂಥದ್ದು ನಮ್ಮ ಹತ್ರ ಇರಲಿಲ್ಲ."

ಆ ಗುರುತು ಮಾಡಿದವಳು ಟೀಚರೇ. ಮದುವೆಯಾದ ಹೊಸತರಲ್ಲಿ, ಅತ್ತೆ ಯಾಕೋ ಕರೆದರೆಂದು ಇಸ್ತ್ರಿಪೆಟ್ಟಿಗೆಯನ್ನು ಹಾಗೇ ಬಿಟ್ಟು ಓಡಿದ್ದಳು. ಎರಡು ವರ್ಷದಿಂದ ಆ ಹೊದಿಕೆ ವಾರಕ್ಕೆರಡು ಸಲ ಮನೆಯಿಂದ ಮಾಯವಾಗಿ, ಬಕೆಟ್ಟಿನಲ್ಲಿ ಬೂದಿ ಬಣ್ಣದ ನೀರು ಬಿಡುತ್ತ ವಾಪಸು ಬರುತ್ತಿತ್ತು. ಬೈಕ್ ಒರೆಸಿದೆ ಎನ್ನುತ್ತಿದ್ದ ಅವನು. ಅಷ್ಟು ದೊಡ್ಡ ಬಟ್ಟೆಯಲ್ಲಿ ಯಾರಾದರೂ ಬೈಕ್ ಒರೆಸುತ್ತಾರೆಯೇ ಎಂದು ಅವಳು ಕೇಳಿರಲಿಲ್ಲ. ಕೇಳದೆ ಇದ್ದದ್ದು ಯಾಕೆಂದು ಈಗ ಒಂದು ಕ್ಷಣದಲ್ಲಿ ಹೊಳೆದು, ಅವಳಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಪಟಪಟನೆ ಚಪ್ಪಾಳೆ ಕೇಳಿಸಿತು. ಹೆಡ್‌ಮಾಸ್ತರು. ಮಕ್ಕಳು ಅಲುಗಲಿಲ್ಲ, ಟೀಚರ ಚಪ್ಪಾಳೆ ಬಿಟ್ಟು ಬೇರೆ ಯಾರದಕ್ಕೂ ಅವರಲ್ಲಿ ಬೆಲೆಯಿಲ್ಲ.

"ಭಲೇ ಟೀಚರೇ! ಶುಕ್ರವಾರ ಮಂಡಳಿಯ ಆಫೀಸರು ಬರ್ತಾರಮ್ಮ, ನಮ್ಮ ಮಿಷನ್ ನೋಡೋಕೆ. ಜೊತೆಗೆ ಕಂಪನಿ ಮ್ಯಾನೇಜರೂ ಬರ್ತಾರೆ. ಮಕ್ಕಳಿಂದ ಏನಾದ್ರೂ ಮಾಡಿಸಿ ಅಂತ ಹೇಳಿಕಳಿಸಿದಾರೆ. ಭಾಷಣ ಅಂದ್ರೆ ಅವರಿಗೂ ನಿದ್ದೆ, ನನಗೂ ನಿದ್ದೆ. ಇದೇ ಇರಲಿ." ಪರದೆ ಹೊದ್ದ ಪಿಟೀಲನ್ನು ನೋಡಿ ಅವರು ಹೊಟ್ಟೆತುಂಬ ನಕ್ಕರು. ಅವಳು ಹೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ. "ಅದೇನು, ಮಾಲಿನ್ಯದ ಭೂತಾನಾ? ಅದನ್ನ ಕೊನೇಲಿ ಇಡಿ. ಬಿಡಬೇಡಿ ಮತ್ತೆ!"

ಪಿಟೀಲು ಬಾಯಿ ತೆರೆಯಲು ಹೋದಳು. ಟೀಚರ್ ಬೇಗ ಬೇಗ ಎರಡು ಚಪ್ಪಾಳೆ ತಟ್ಟಿದಳು.

ಸಂಜೆ ಗಂಡ ಬರುವ ಹೊತ್ತಿಗೆ ಅವಳು ಬಟ್ಟೆಯ ರಾಶಿಯ ತಳದಿಂದ ಆ ಹೊದಿಕೆಯನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದಳು. ಸಿಮೆಂಟಿನ ಧೂಳು ನೀರು ಕುಡಿದರೆ ಗಟ್ಟಿಯಾಗುತ್ತದೆ, ಎಷ್ಟು ಒಗೆದರೂ ಎಳೆಗಳಲ್ಲಿ ಉಳಿಯುತ್ತದೆ. ಮಡಿಸಿದ ಹೊದಿಕೆ ರಟ್ಟಿನ ಹಾಗೆ ನೆಟ್ಟಗೆ ನಿಂತಿತ್ತು.

"ಇದರಲ್ಲಿ ಬೈಕ್ ಒರೆಸ್ತೀರಾ?"

ಅವನು ಹೊದಿಕೆ ನೋಡಿದ, ಅವಳನ್ನು ನೋಡಿದ, ಬೂಟು ಬಿಚ್ಚಲು ಕೂತ. ಆಗಲೇ ಬಿಚ್ಚಿಹೋಗಿದ್ದ ಲೇಸನ್ನು ಬಹಳ ಹೊತ್ತು ಬಿಚ್ಚುತ್ತಲೇ ಇದ್ದ. "ಯಾರು ಹೇಳಿದ್ದು?"

"ಮಿಷನ್ನೇ ಹೇಳಿತು."

ಅವಳು ಎಲ್ಲ ಹೇಳಿದಳು. ಅವನು ತಲೆ ತಗ್ಗಿಸಿಯೇ ಕೇಳಿದ. ಅವನು ಒರಟನಲ್ಲ, ಲಂಚಕೋರನಲ್ಲ. ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂರುವ, ಕಾಗದದ ಮೇಲೆ ಬೆರಳಿನ ಬೆವರು ಬಿದ್ದರೆ ಮತ್ತೆ ಮೊದಲಿಂದ ತೂಗುವ ಮನುಷ್ಯ. ಮದುವೆಗೆ ಮುಂಚೆ ಅವಳಿಗೆ ಇಷ್ಟವಾಗಿದ್ದದ್ದೇ ಅದು.

"ಎರಡು ವರ್ಷದ ಹಿಂದೆ, ಬಂದದ್ದನ್ನ ಬಂದ ಹಾಗೇ ಬರೆದೆ ಕಣೇ," ಎಂದ. "ಮ್ಯಾನೇಜರ್ ಕರೆದು, ಮಿಷನ್ ಕೆಟ್ಟಿದೆ, ಸರಿಮಾಡು ಅಂದ್ರು. ಸರಿಯಾಗೇ ಇದೆ ಸಾರ್ ಅಂದೆ. ಮುಂದಿನ ಸಲ ಅದಕ್ಕಿಂತ ಜಾಸ್ತಿ ಬಂತು. ಮತ್ತೆ ಕರೆದ್ರು. ಮಿಷನ್ ಸರಿಯಾಗಿದ್ರೆ ಕೆಟ್ಟಿರೋದು ಯಾರಪ್ಪಾ ಅಂದ್ರು. ಅಷ್ಟೇ. ಜೋರೂ ಮಾಡಲಿಲ್ಲ. ಕಾಫಿ ಕುಡ್ಕೊಂಡು ಹೋಗು ಅಂದ್ರು."

"ಅದಕ್ಕೆ ಮುಚ್ಚಿದ್ರಿ."

"ನಾನು ಕೈಯಾರೆ ಒಂದು ಸುಳ್ಳು ಅಂಕಿ ಬರೆದಿಲ್ಲ." ಅವನು ಮೊದಲ ಸಲ ತಲೆ ಎತ್ತಿದ. "ಒಂದೂ ಬರೆದಿಲ್ಲ. ಕಾಗದ ಎಷ್ಟು ತೂಗುತ್ತೋ ಅಷ್ಟೇ ಬರೀತೀನಿ."

ಅದನ್ನು ಹೇಳುವಾಗ ಅವನ ಮುಖದಲ್ಲಿ ಕಂಡದ್ದು ಜಂಬವೇ. ಅವಳಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಮುಂಚೆ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ಮತ್ತೆ ಸಿಟ್ಟು ಬಂತು.

"ಅಷ್ಟು ದೊಡ್ಡ ಕಂಪನೀಲಿ ಒಂದು ಬಟ್ಟೆ ಇರಲಿಲ್ವಾ? ನಮ್ಮನೆ ಹೊದಿಕೆ ಯಾಕೆ?"

"ಕಂಪನಿಯದು ಯಾವುದೂ ಬೇಡ ಅಂದ್ರು. ನಾಳೆ ಯಾರಾದ್ರೂ ನೋಡಿದ್ರೆ..." ಅವನು ಅಲ್ಲಿಗೇ ನಿಲ್ಲಿಸಿದ. ಮುಂದಿನದನ್ನು ಹೇಳಬೇಕಾಗಿರಲಿಲ್ಲ. ನಾಳೆ ಯಾರಾದರೂ ನೋಡಿದರೆ ಬಟ್ಟೆ ಅವನದು, ಕೈ ಅವನದು, ತಪ್ಪೂ ಅವನದೇ.

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. ಅವರ ಮಂಡಿ ಕೆಲಸ ಮಾಡದಿದ್ದರೂ ಕಿವಿ ಇಬ್ಬರ ಕೆಲಸ ಮಾಡುತ್ತಿತ್ತು. "ಗುಲಾಬಿ ಹೂವಿನದ್ದಾ? ನನಗೆ ಹೊದೆಯೋಕೆ ಕೊಡಿ ಅಂದ್ರೆ ಹರಿದುಹೋಗಿದೆ ಅಂತ ಹೇಳಿದ್ಯಲ್ಲೋ! ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗಾಯ್ತು ನಿನ್ನ ಬಾಳು." ಆಮೇಲೆ ಬೇರೆಯೇ ದನಿಯಲ್ಲಿ ಅಂದರು: "ಅಲ್ಲಮ್ಮಾ, ಕಂಪನಿಯವರು ಈ ಮನೆ ಬಿಡಿ ಅಂದ್ರೆ ಎಲ್ಲಿಗೆ ಹೋಗ್ತೀರಾ? ನನ್ನ ಮಾತ್ರೆ ಯಾರು ಕೊಡ್ತಾರೆ?"

ಅವನು ಹೊದಿಕೆಯನ್ನು ತೊಡೆಯ ಮೇಲೆ ಎಳೆದುಕೊಂಡು ಸುಟ್ಟ ಮೂಲೆಯನ್ನು ಬೆರಳಿನಿಂದ ತಿಕ್ಕಿದ. "ಆ ಚಿತ್ರ ಒಂದನ್ನ ಬಿಟ್ಟುಬಿಡು. ಮಿಕ್ಕವರಿಗೆ ಅದು ಭೂತವೋ ಬೊಂಬೆಯೋ. ಬರ್ತಾ ಇರೋ ಆಫೀಸರಿಗೆ ಮಿಷನ್ ಅಂದ್ರೆ ಏನು ಅಂತ ಗೊತ್ತು. ಒಂದು ಮಾತು ಕಿವಿಗೆ ಬಿದ್ರೆ ಸಾಕು."

"ಆ ಹುಡುಗಿ ಎದೆ ಹೇಗೆ ಕುಂಯ್‌ಗುಡುತ್ತೆ ಅಂತ ಕೇಳಿದೀರಾ?"

"ಗೊತ್ತು," ಎಂದ ಅವನು. "ನಾನು ತಾರಸಿಗೆ ಹತ್ತುವಾಗ ಏಣಿ ಹಿಡ್ಕೊಳ್ಳೋದು ಅವಳೇ."

ಮರುದಿನ ಊಟದ ಬಿಡುವಿನಲ್ಲಿ ಟೀಚರ್ ಪಿಟೀಲನ್ನು ಕರೆದಳು. ಹುಡುಗಿ ಮೂರು ಮಹಡಿ ಹತ್ತಿ ಬಂದವಳ ಹಾಗೆ ಏದುತ್ತ ಬಂದಳು. ಬಂದದ್ದು ಪಕ್ಕದ ಕೋಣೆಯಿಂದ. ಹೇಗೆ ಹೇಳಬೇಕೆಂದು ಟೀಚರ್ ರಾತ್ರಿಯೇ ಕಟ್ಟಿಕೊಂಡಿದ್ದ ಮಾತೆಲ್ಲ ಅವಳ ಮುಖ ನೋಡುತ್ತಿದ್ದಂತೆ ಬಿಚ್ಚಿಹೋಯಿತು.

"ನಾಳೆಗೆ ಮಿಷನ್ ಚಿತ್ರ ಬೇಡಮ್ಮ. ನಿಮ್ಮ ಗುಂಪು ಸಸಿ ನೆಡೋ ಚಿತ್ರ ಮಾಡಲಿ. ನೀನು ಸಸಿ."

"ಯಾಕೆ ಮಿಸ್? ಹೆಡ್‌ಮಾಸ್ಟರ್ ಸಾರ್‌ಗೂ ಅದೇ ಇಷ್ಟ ಆಯ್ತು."

"ಬೇಡ ಅಷ್ಟೇ."

"ನೀವು ಸಿಟ್ಟಾದ್ರಾ? ಕಲ್ಲು ಏನು ಹೇಳಿದ್ರೂ ಸಿಟ್ಟಾಗಬಾರದು ಮಿಸ್."

"ಸಿಟ್ಟಲ್ಲ."

"ಅದರಲ್ಲಿ ಧೂಳು ಸಾರ್ ಒಳ್ಳೆಯವರೇ ಅಲ್ವಾ? ನಮ್ಮಪ್ಪ ಆದ್ರೆ ನನಗೆ ಹೊದಿಕೆ ಹೊದಿಸಿ ಹಾಗೇ ನಿದ್ದೆ ಹೋಗ್ತಾರೆ. ಸಾರ್ ಒಣಗದೇ ಇರಲಿ ಅಂತ ಮತ್ತೆ ಮತ್ತೆ ನೀರು ಚಿಮುಕಿಸ್ತಾರೆ."

"ಮಿಷನ್‌ಗೆ ಉಬ್ಬಸ ಬರಲ್ಲ ಪುಟ್ಟಿ," ಎಂದುಬಿಟ್ಟಳು ಟೀಚರ್.

"ಮತ್ತೆ ಯಾಕೆ ಮುಚ್ತಾರೆ?"

ಇಷ್ಟು ನೇರವಾದ ಪ್ರಶ್ನೆ ಕೇಳುವುದನ್ನು ಕಲಿಸಿದವಳು ಅವಳೇ. ಪರೀಕ್ಷೆಯಲ್ಲಿ ಇಂಥದ್ದಕ್ಕೆ ಒಂದು ಅಂಕ ಹೆಚ್ಚು ಕೊಡುತ್ತಿದ್ದಳು. ಈಗ ಅವಳು ಮೇಜಿನ ಮೇಲಿದ್ದ ಸೀಮೆಸುಣ್ಣಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದಳು. ಪಿಟೀಲು ಕಾದಳು. ಕಾದು ಕಾದು, ಆ ಮೌನದಿಂದಲೇ ಏನನ್ನೋ ಹೆಕ್ಕಿಕೊಂಡಳು. ಸಾಲುಮನೆಯ ಮಕ್ಕಳಿಗೆ ಅದು ಬೇಗ ಬರುತ್ತದೆ.

"ಇದು ಹೊರಗೆ ಹೇಳಬಾರದ ವಿಷಯಾನಾ ಮಿಸ್?"

ಟೀಚರ್ ಡಬ್ಬಿಯ ಮುಚ್ಚಳ ಹಾಕಿದಳು.

"ನಮ್ಮಪ್ಪ ಮನೇಲಿ ಕೆಮ್ಮಿ ಕೆಮ್ಮಿ ಗೋಡೆ ಹಿಡ್ಕೋತಾರೆ. ಕಂಪನಿ ಡಾಕ್ಟರು ಹೇಗಿದೀಯಪ್ಪಾ ಅಂದ್ರೆ, ನಾನು ಚೆನ್ನಾಗಿದೀನಿ ಅಂತಾರೆ. ಇಲ್ದೇ ಇದ್ರೆ ಕೆಲಸದಿಂದ ಕಳಿಸಿಬಿಡ್ತಾರಂತೆ. ಆ ಥರಾನಾ?"

"ಹೂಂ," ಎಂದಳು ಟೀಚರ್. "ಆ ಥರ."

ಪಿಟೀಲು ದೊಡ್ಡವರ ಹಾಗೆ ತಲೆಯಾಡಿಸಿದಳು. ಅವಳಿಗೆ ಅರ್ಥವಾಗಿತ್ತು. ಅರ್ಥವಾಗದೆ ಇದ್ದಿದ್ದರೆ, ಹಟ ಮಾಡಿದ್ದರೆ, ಅತ್ತಿದ್ದರೆ ಎಷ್ಟೋ ವಾಸಿಯಿತ್ತು ಎಂದು ಟೀಚರಿಗೆ ಅನ್ನಿಸಿತು. ಹುಡುಗಿ ಬಾಗಿಲವರೆಗೆ ಹೋದವಳು ತಿರುಗಿ, "ಸಸಿಗೆ ಮಾತು ಇದೆಯಾ ಮಿಸ್?" ಎಂದು ಕೇಳಿದಳು.

"ಇಲ್ಲ. ಸುಮ್ಮನೆ ನಿಂತ್ಕೋ ಸಾಕು."

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿ ಅವಳು ಎದ್ದು ಹೋದಳು. ಗಂಡ ಹೊದಿಕೆಯನ್ನು ಬಕೆಟ್ಟಿನಲ್ಲಿ ನೆನೆಸಿ ಹಿಂಡಲು ಒದ್ದಾಡುತ್ತಿದ್ದ. ದಪ್ಪ ಬಟ್ಟೆ, ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಇಷ್ಟು ದಿನ ಹೇಗೆ ಹಿಂಡುತ್ತಿದ್ದನೋ. ಇವತ್ತೂ ಬೇಕಾ ಎಂದು ಅವಳು ಕಣ್ಣಲ್ಲೇ ಕೇಳಿದಳು.

"ಇವತ್ತೇ ಬೇಕು," ಎಂದ ಅವನು. "ಇವತ್ತಿನ ಕಾಗದ ಆಫೀಸರು ತಾವೇ ತಗೊಂಡು ಹೋಗ್ತಾರಂತೆ. ಹತ್ತು ಗಂಟೆಗೆ ತೆಗೆದು ಟ್ಯಾಂಕಿನ ಹಿಂದೆ ಹಾಕಿಬಿಡ್ತೀನಿ. ಅಷ್ಟು ಹೊತ್ತು ಮುಚ್ಚಿದ್ರೂ ಸಾಕು."

ಅವಳು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊದಿಕೆಯ ಇನ್ನೊಂದು ತುದಿ ಹಿಡಿದಳು. ಎದುರಿಗೆ ಗಂಡ ಒದ್ದಾಡುತ್ತಿದ್ದ, ಕೈ ತಾನಾಗಿ ಹೋಯಿತು. ಅವನು ಒಂದು ಕಡೆಗೆ ತಿರುವಿದ, ಅವಳು ಇನ್ನೊಂದು ಕಡೆಗೆ. ಹೊದಿಕೆ ಹುರಿಗೊಂಡು ಹಗ್ಗವಾಯಿತು. ನೀರು ಅವಳ ಪಾದದ ಮೇಲೆ ಸುರಿದು ಬೂದಿಯ ಗೆರೆ ಬಿಟ್ಟು ಹರಿಯಿತು. ಒಳಗೆ ಅತ್ತೆ ಕೆಮ್ಮಿದರು, ಎಲ್ಲ ಕೇಳಿಸುತ್ತಿದೆ ಎಂದು ತಿಳಿಸುವ ಕೆಮ್ಮು.

ಹನ್ನೊಂದು ಗಂಟೆಗೆ ಶಾಲೆಯ ಜಗಲಿಯ ಮುಂದೆ ಕುರ್ಚಿಗಳು ಬಿದ್ದವು. ಮ್ಯಾನೇಜರು ಎಲ್ಲರಿಗೂ ನಗುತ್ತ ಕೈಮುಗಿದು ಕೂತರು. ಕೆಟ್ಟ ಮನುಷ್ಯ ಎಂದು ಹೇಳುವ ಹಾಗಿರಲಿಲ್ಲ, ಹಾಗಿದ್ದರೆ ಸುಲಭವಾಗುತ್ತಿತ್ತು. ಆಫೀಸರು ನಡುವಯಸ್ಸಿನ ಹೆಂಗಸು. ಕೂರುವ ಮುಂಚೆ ಕುರ್ಚಿಯ ಮೇಲೆ ಬೆರಳಾಡಿಸಿ ಆ ಬೆರಳನ್ನು ನೋಡಿಕೊಂಡರು, ಕರವಸ್ತ್ರಕ್ಕೆ ಒರೆಸಿಕೊಂಡರು. ಗಂಡ ಫೈಲು ಹಿಡಿದು ಕಂಬಕ್ಕೆ ಒರಗಿ ನಿಂತಿದ್ದ. ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಮಡಚಿಕೊಳ್ಳಬಾರದೇ ಎಂದು ಟೀಚರಿಗೆ ಎಲ್ಲಕ್ಕಿಂತ ಅದೇ ಚಿಂತೆಯಾಯಿತು.

ಒಂದು ಚಪ್ಪಾಳೆ. ಮಕ್ಕಳು ಜಗಲಿಯ ಮೇಲೆ ಕಲ್ಲಾದರು. ಒಂಟಿಕಾಲಿನವನು ಇವತ್ತು ಓಲಾಡಲಿಲ್ಲ. ಮರ ತನ್ನ ಮಾತು ಹೇಳಿತು, ಅಮ್ಮ ಹೇಳಿದಳು, ಲಾರಿ ಜೋರು ಮಾಡಿತು. ಆಫೀಸರು ನಕ್ಕರು, ಅವರು ನಕ್ಕಿದ್ದು ನೋಡಿ ಮ್ಯಾನೇಜರೂ ನಕ್ಕರು. ನಾಲ್ಕನೆಯ ಚಿತ್ರದಲ್ಲಿ ಪಿಟೀಲು ಎರಡು ಕೈ ಮೇಲೆತ್ತಿ ಸಸಿಯಾಗಿ ನಿಂತಿದ್ದಳು. ಗಿಡ್ಡ ಹುಡುಗ ಗುಂಡಿ ತೋಡುತ್ತಿದ್ದ. ಮಗ್ಗಿನವಳು ಅದೇ ಮಗ್ಗಿನಿಂದ ನೀರು ಹಾಕುತ್ತಿದ್ದಳು.

"ಭೂತ ಎಲ್ಲಿ ಟೀಚರೇ?" ಎಂದು ಹೆಡ್‌ಮಾಸ್ತರು ಪಿಸುಗುಟ್ಟಿದರು. ಅವರ ಪಿಸುಮಾತು ಕೊನೆಯ ಸಾಲಿಗೂ ಕೇಳುವಂಥದ್ದು.

"ಸಮಯ ಸಾಲಲ್ಲ ಸಾರ್," ಎಂದಳು ಅವಳು. ಇನ್ನು ಎರಡು ಚಪ್ಪಾಳೆ ತಟ್ಟಿದರೆ ಮುಗಿಯಿತು. ಕೈ ಎತ್ತಿಯೂ ಆಗಿತ್ತು.

"ಒಂದು ನಿಮಿಷ," ಎಂದು ಆಫೀಸರು ಎದ್ದರು. "ಬಹಳ ಚೆನ್ನಾಗಿದೆ ಇದು. ಈ ಸಸಿ ಏನೂ ಹೇಳಲಿಲ್ಲವಲ್ಲ. ನಾನು ಮುಟ್ಟಬಹುದಾ?"

"ಧಾರಾಳವಾಗಿ ಮೇಡಂ!" ಹೆಡ್‌ಮಾಸ್ತರು ಓಡಿಬಂದರು. "ಮುಟ್ಟಿದ್ರೆ ಮನಸ್ಸಲ್ಲಿ ಇರೋದನ್ನ ಹೇಳಲೇಬೇಕು. ಸುಳ್ಳು ಹೇಳೋ ಹಾಗಿಲ್ಲ. ನಮ್ಮ ಟೀಚರ್ ಮಾಡಿರೋ ನಿಯಮ."

ಟೀಚರ್ ಗಂಡನ ಕಡೆ ನೋಡಲಿಲ್ಲ. ನೋಡದಿದ್ದರೂ ಫೈಲು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಹೋದದ್ದು ಕಾಣಿಸಿತು. ಹುಡುಗಿ ಹೇಳಿಬಿಡಲಿ ಎಂದು ಒಂದು ಮನಸ್ಸು ಗಟ್ಟಿಯಾಗಿ ಕೂಗುತ್ತಿತ್ತು, ಇನ್ನೊಂದು ಮನಸ್ಸು ಮಾತ್ರೆಯ ಡಬ್ಬಿ, ಮನೆಯ ಬೀಗದಕೈ, ಒದ್ದೆ ತೋಳು ಎಲ್ಲವನ್ನೂ ಹಿಡಿದುಕೊಂಡು ಬೇಡ ಬೇಡ ಎನ್ನುತ್ತಿತ್ತು. ಎರಡೂ ಅವಳದೇ ಮನಸ್ಸು.

ಆಫೀಸರು ಪಿಟೀಲಿನ ಭುಜದ ಮೇಲೆ ಕೈಯಿಟ್ಟರು.

ಕಲ್ಲಿನ ಕಣ್ಣು ಆಡಬಾರದು. ಪಿಟೀಲಿನ ಕಣ್ಣು ಆಡಿತು. ಕಂಬದ ಕಡೆ ಹೋಯಿತು, ಅಲ್ಲಿಂದ ಟೀಚರ ಮುಖಕ್ಕೆ ಬಂದು ನಿಂತಿತು. ಎತ್ತಿದ ಕೈಗಳ ನಡುವೆ ಎದೆ ಏರಿ ಇಳಿಯಿತು. ಕುಂಯ್ ಎಂಬ ಸದ್ದು ಮೊದಲ ಸಾಲಿನವರಿಗೆಲ್ಲ ಕೇಳಿಸಿತು.

"ನಾನು ಚೆನ್ನಾಗಿದೀನಿ," ಎಂದಳು.

"ಅಷ್ಟೇನಾ?"

"ಅಷ್ಟೇ. ನಾನು ಚೆನ್ನಾಗಿದೀನಿ."

ಆಫೀಸರು ತಕ್ಷಣ ಕೈ ತೆಗೆಯಲಿಲ್ಲ. ತಲೆ ಸ್ವಲ್ಪ ಬಗ್ಗಿಸಿ ಆ ಸದ್ದನ್ನು ಕೇಳಿದರು. "ಇದೇನಮ್ಮ ಎದೇಲಿ?"

"ನೆಗಡಿ ಮೇಡಂ, ಹವಾ ಬದಲಾಯ್ತಲ್ಲ," ಎಂದರು ಮ್ಯಾನೇಜರು ಕೂತಲ್ಲಿಂದಲೇ, ಮೃದುವಾಗಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಆಫೀಸರೂ ತಟ್ಟಿದರು, ಗಡಿಯಾರ ನೋಡಿಕೊಂಡರು, ಮಿಷನ್ ನೋಡಿಬಿಡೋಣ ಎಂದರು. ಗಂಡ ಮುಂದೆ ಹೋಗಿ ಏಣಿ ಹಿಡಿದ. ಒಬ್ಬೊಬ್ಬರೇ ತಾರಸಿ ಹತ್ತಿದರು; ಅವನು ಕೊನೆಗೆ ಹತ್ತಿದ. ಹತ್ತುವಾಗ ಕೆಳಗೆ ಏಣಿ ಹಿಡಿಯಲು ಯಾರೂ ಇರಲಿಲ್ಲ. ಹಿಡಿಯುವವಳು ಕೈ ಮೇಲೆತ್ತಿ ಕಲ್ಲಾಗಿದ್ದಳು.

ಕುರ್ಚಿಗಳು ಖಾಲಿಯಾದವು. ಇಷ್ಟು ಚಪ್ಪಾಳೆ ಬಿದ್ದರೂ ಮಕ್ಕಳು ಒಬ್ಬರೂ ಅಲುಗಿರಲಿಲ್ಲ. ಬೇರೆಯವರದಕ್ಕೆ ಅಲುಗಬಾರದೆಂದು ಕಲಿಸಿದ್ದು ಅವಳೇ. ತಾರಸಿಯ ಅಂಚಿನಿಂದ ಜಗಲಿಯ ಮೆಟ್ಟಿಲ ಮೇಲೆ ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಟ್ಯಾಂಕಿನ ಹಿಂದೆ ಮುದುರಿ ಹಾಕಿದ್ದ ಹೊದಿಕೆ ಇನ್ನೂ ನೀರು ಬಿಡುತ್ತಿತ್ತು. ಎಷ್ಟು ಹಿಂಡಿದ್ದೆವಲ್ಲ ಎಂದುಕೊಂಡಳು ಅವಳು. ಮೊದಲು ಬಿದ್ದ ಹನಿ ಬಿಸಿಲಿಗೆ ಒಣಗಿ ಬಿಳಿ ಚುಕ್ಕೆಯಾಗಿತ್ತು.

ಅವಳು ಪಿಟೀಲಿನ ಹತ್ತಿರ ಹೋಗಿ ಭುಜ ಮುಟ್ಟಿದಳು. ಏನು ಕೇಳಲು ಮುಟ್ಟಿದಳೋ ಅವಳಿಗೇ ಗೊತ್ತಿರಲಿಲ್ಲ.

"ಸರಿಯಾಗಿ ಹೇಳಿದೆನಾ ಮಿಸ್?" ಎಂದಳು ಪಿಟೀಲು, ತುಟಿ ಅಲುಗಿಸದೆ.

ಮೇಲೆ ಹೆಜ್ಜೆಗಳು ಸರಿದಾಡಿದವು, ತಗಡಿನ ಬಾಗಿಲು ತೆಗೆದ ಸದ್ದಾಯಿತು. ಗಂಡನ ದನಿ ಏನೋ ಅಂಕಿ ಹೇಳುತ್ತಿತ್ತು, ಸ್ಪಷ್ಟವಾಗಿ, ತಡವರಿಸದೆ. ಹುಡುಗಿಯ ಎತ್ತಿದ ಕೈಗಳು ಸೋತು ನಡುಗತೊಡಗಿದ್ದವು. ಅವಳನ್ನು ಇನ್ನು ಒಂದು ಗಳಿಗೆಯೂ ಹಾಗೆ ನಿಲ್ಲಿಸಬಾರದು. ಟೀಚರ್ ಎರಡು ಕೈಯನ್ನೂ ಎತ್ತಿದಳು. ಬೆಳಗಿನ ಬೂದಿ ಉಗುರುಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು.

ಒಂದು ಸಲ ತಟ್ಟಿದಳು. ಕೂಡಿದ ಕೈಗಳು ಕೂಡಿದ ಹಾಗೇ ಉಳಿದವು. ಮೆಟ್ಟಿಲ ಮೇಲೆ ಮತ್ತೊಂದು ಹನಿ ಬಿತ್ತು. ಜಗಲಿಯ ತುಂಬ ಮಕ್ಕಳು ಕಣ್ಣು ಮಿಟುಕಿಸದೆ ಇನ್ನೊಂದು ಚಪ್ಪಾಳೆಗೆ ಕಾಯುತ್ತಿದ್ದರು.